ಬಟಾಣಿಯ ಉಸಿರು ಅಳೆಯಲು ಮೂರು ಬಾಟಲಿ

ಮೊಳಕೆ ಕಾಳು ತುಂಬಿದ ಬಾಟಲಿಯ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ತಿಳಿನೀರು ಬಿಳಿಯಾಗುತ್ತದೆ. ಕಾಳು ಉಸಿರಾಡುತ್ತದೆ ಎಂದು ಬರೆದು ಮಕ್ಕಳು ಪ್ರಯೋಗ ಮುಗಿಸುತ್ತಾರೆ. ಯೀಸ್ಟ್ ಹಾಕಿದ ಬೆಲ್ಲದ ನೀರಿನಿಂದ ಬರುವ ಗಾಳಿ ಬಿಟ್ಟರೂ ಅದೇ ತಿಳಿನೀರು ಅದೇ ರೀತಿ ಬಿಳಿಯಾಗುತ್ತದೆ. ಮೊದಲನೆಯದು ಆಕ್ಸಿಜನ್ ಬಳಸುವ ವಾಯುವಿಕ ಉಸಿರಾಟ. ಎರಡನೆಯದು ಆಕ್ಸಿಜನ್ ಬೇಡದ ಅವಾಯುವಿಕ ಉಸಿರಾಟ. ಎರಡರಲ್ಲೂ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದಲ್ವಾ? ತಿಳಿನೀರಿಗೆ ಅಷ್ಟೇ ಗೊತ್ತಾಗುವುದು. ಯಾವುದು ಯಾವ ರೀತಿಯ ಉಸಿರಾಟ ಎಂದು ಹೇಳಬೇಕಾದರೆ ಒಳಗೆ ಹೋಗುವ ಆಕ್ಸಿಜನ್ ಎಷ್ಟು ಎಂಬುದನ್ನೂ ಅಳೆಯಬೇಕು. ಹತ್ತನೇ ತರಗತಿಯ ಮಕ್ಕಳಿಗೆ ತೋರಿಸಲು ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಅಂಥದೊಂದು ಉಪಕರಣ ಕಟ್ಟಿದೆ. ಕಟ್ಟಿದ ರೀತಿ ಮತ್ತು ಅದರಲ್ಲಿ ಸಿಕ್ಕಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೊದಲು ತತ್ವ. ಗ್ಲೂಕೋಸಿನ ಒಂದು ಅಣು ಆಕ್ಸಿಜನ್ ಬಳಸಿ ಪೂರ್ತಿ ಒಡೆದರೆ ಆರು ಆಕ್ಸಿಜನ್ ಅಣುಗಳು ಖರ್ಚಾಗುತ್ತವೆ. ಆರು ಕಾರ್ಬನ್ ಡೈಆಕ್ಸೈಡ್, ಆರು ನೀರು ಹುಟ್ಟುತ್ತವೆ. ಅನಿಲದ ಅಣುಗಳು ಎಷ್ಟು ಹೋದವೋ ಅಷ್ಟೇ ಬಂದವು. ಹಾಗಾಗಿ ಮುಚ್ಚಿದ ಬಾಟಲಿಯೊಳಗೆ ಗಾಳಿಯ ಗಾತ್ರ ಬದಲಾಗುವುದಿಲ್ಲ. ಕಾಳು ಎಷ್ಟೇ ಜೋರಾಗಿ ಉಸಿರಾಡಿದರೂ ಹೊರಗಿನಿಂದ ನೋಡುವವರಿಗೆ ಏನೂ ಕಾಣದು. ಆದರೆ ಬಾಟಲಿಯೊಳಗೆ ಸುಣ್ಣ ಇಟ್ಟರೆ ಹುಟ್ಟಿದ ಕಾರ್ಬನ್ ಡೈಆಕ್ಸೈಡನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಆಗ ಖರ್ಚಾದ ಆಕ್ಸಿಜನ್ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಗಾತ್ರ ಕಡಿಮೆಯಾಗುತ್ತದೆ, ಬಾಟಲಿಗೆ ಜೋಡಿಸಿದ ಸಣ್ಣ ಟ್ಯೂಬಿನಲ್ಲಿರುವ ಬಣ್ಣದ ಹನಿ ಒಳಗೆ ಸರಿಯುತ್ತದೆ. ಒಂದು ಬಾಟಲಿಗೆ ಸುಣ್ಣ ಇಟ್ಟು, ಇನ್ನೊಂದಕ್ಕೆ ಇಡದೆ, ಎರಡರ ಹನಿಯನ್ನೂ ಓದಿದರೆ ಆಕ್ಸಿಜನ್ ಎಷ್ಟು, ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದು ಬೇರೆ ಬೇರೆ ಸಿಗುತ್ತದೆ. 1931ರಲ್ಲಿ ನೊಬೆಲ್ ಪಡೆದ ಒಟ್ಟೊ ವಾರ್‌ಬರ್ಗ್ ಜೀವಕೋಶಗಳ ಉಸಿರಾಟವನ್ನು ಅಳೆಯುತ್ತಿದ್ದದ್ದೂ ಹೀಗೆಯೇ ಜೋಡಿ ಪಾತ್ರೆ ಇಟ್ಟು. ಅವರು ಗಾತ್ರದ ಬದಲು ಒತ್ತಡ ಓದುತ್ತಿದ್ದರು, ಸುಣ್ಣದ ಬದಲು ಕ್ಷಾರದ ದ್ರಾವಣ ಬಳಸುತ್ತಿದ್ದರು.

ಸಾಮಾನು ಎಲ್ಲ ಊರಲ್ಲೇ ಸಿಕ್ಕಿತು. ಅಗಲ ಬಾಯಿಯ ಗಾಜಿನ ಬಾಟಲಿ ಮೂರು, ಎಲ್ಲವೂ ಒಂದೇ ಅಳತೆಯವು. ಕಾಳು ಹಾಕಿದ ಮೇಲೆ ಒಳಗೆ 300 ಮಿ.ಲೀ. ಗಾಳಿ ಉಳಿಯುವಷ್ಟು ದೊಡ್ಡವು. ಪ್ಲಾಸ್ಟಿಕ್ ಬಾಟಲಿ ಬೇಡ. ಅದರ ಮೈ ಒತ್ತಡಕ್ಕೆ ಬಗ್ಗುತ್ತದೆ, ಸರಿಯಬೇಕಾದ ಹನಿ ಅಲ್ಲೇ ನಿಲ್ಲುತ್ತದೆ. ಎರಡು ತೂತಿನ ರಬ್ಬರ್ ಬಿರಡೆ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಉಂಟು. ಮೆಡಿಕಲ್ ಶಾಪಿನಿಂದ ಡ್ರಿಪ್ ಸೆಟ್, ಮೂರು ದಾರಿಯ ನಲ್ಲಿ, 5 ಮಿ.ಲೀ. ಸಿರಿಂಜ್ ತಂದೆ. ಸುಣ್ಣಕ್ಕೆ ಎಲೆ ಅಡಿಕೆಯ ಸುಣ್ಣವೇ ಸಾಕು. ನೀರು ತುಂಬಿಸಿ ಬಾಟಲಿಗಳನ್ನು ಮುಳುಗಿಸಿಡಲು ಮೀನುಗಾರಿಕೆ ಬಂದರಾದ ದಕ್ಕೆಯಿಂದ ಮೀನಿನ ಥರ್ಮೋಕೋಲ್ ಪೆಟ್ಟಿಗೆ ತಂದು ಚೆನ್ನಾಗಿ ತೊಳೆದುಕೊಂಡೆ. ಇಡೀ ಉಪಕರಣದಲ್ಲಿ ಅತಿ ಒಳ್ಳೆಯ ಭಾಗ ಯಾವುದು ಎಂದರೆ ನಾನು ಈ ಪೆಟ್ಟಿಗೆಯನ್ನೇ ತೋರಿಸುತ್ತೇನೆ. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಡ್ರಿಪ್ ಟ್ಯೂಬು ಸುರುಳಿ ಸುತ್ತಿಕೊಂಡು ಬರುತ್ತದೆ. ಬಿಸಿ ನೀರಲ್ಲಿ ಅದ್ದಿ, ಎಳೆದು, ಹಲಗೆಯ ಮೇಲೆ ನೇರ ಮಾಡಿ ಅಂಟಿಸಬೇಕು. ಕೆಳಗೆ ಗ್ರಾಫ್ ಕಾಗದ ಇಟ್ಟರೆ ಅದೇ ಸ್ಕೇಲು. ಟ್ಯೂಬಿನ ಒಳಗಿನ ಅಗಲ ಅಂದಾಜಿನಲ್ಲಿ ಹೇಳಬಾರದು. ಸಿರಿಂಜಿನಿಂದ ಸರಿಯಾಗಿ 1 ಮಿ.ಲೀ. ಬಣ್ಣದ ನೀರು ತುಂಬಿಸಿ ಅದು ಎಷ್ಟು ಉದ್ದ ಹಿಡಿಯಿತು ಎಂದು ನೋಡಬೇಕು. ನನ್ನದರಲ್ಲಿ 14 ಸೆಂ.ಮೀ. ಬಂತು. ಅಂದರೆ ಹನಿ 1 ಸೆಂ.ಮೀ. ಸರಿದರೆ 0.07 ಮಿ.ಲೀ. ಅನಿಲ. ಹನಿಗೆ ಪೆನ್ನಿನ ಶಾಯಿ ಮತ್ತು ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು. ಸೋಪು ಇಲ್ಲದಿದ್ದರೆ ಹನಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ.

ಬಿರಡೆಯ ಒಂದು ತೂತಿನಿಂದ ಈ ಟ್ಯೂಬು. ಇನ್ನೊಂದರಿಂದ ನಲ್ಲಿ ಮತ್ತು ಸಿರಿಂಜ್. ಹನಿ ತುದಿ ಮುಟ್ಟಿದಾಗ ಸಿರಿಂಜ್ ಎಳೆದು ಅಥವಾ ಒತ್ತಿ ಮತ್ತೆ ಮೊದಲಿನ ಜಾಗಕ್ಕೆ ತರಬಹುದು, ಬಿರಡೆ ತೆಗೆಯಬೇಕಾಗಿಲ್ಲ. ಬಿರಡೆಯ ಸುತ್ತ ವ್ಯಾಸಲೀನ್ ಬಳಿದು, ತೂತುಗಳ ಬಾಯಿಗೆ ಎಂ-ಸೀಲ್ ಹಚ್ಚಿ ಒಣಗಲು ಬಿಡಬೇಕು.

ಸುಣ್ಣ ಇಡುವ ರೀತಿಗೆ ಸ್ವಲ್ಪ ಗಮನ ಬೇಕು. ಉಂಡೆಯಾಗಿ ಇಟ್ಟರೆ ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಒಳಗಿನ ಸುಣ್ಣಕ್ಕೆ ಗಾಳಿ ಮುಟ್ಟುವುದಿಲ್ಲ. ಹಸಿ ಸುಣ್ಣವನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಮೇಲೆ ತೆಳ್ಳಗೆ ಸವರಿ, ಬಟ್ಟೆಯನ್ನು ಸಡಿಲವಾಗಿ ಮಡಚಿ ಬಾಟಲಿಯ ತಳದಲ್ಲಿ ಇಟ್ಟೆ. ಅದರ ಮೇಲೆ ಸೊಳ್ಳೆ ಪರದೆಯ ತುಂಡು, ಅದರ ಮೇಲೆ ಕಾಳು. ಕಾಳಿಗೆ ಸುಣ್ಣ ತಾಗಿದರೆ ಕಾಳು ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ರೂಢಿ ಹಳೆಯದು. ಸುಡುವಾಗ ಚಿಪ್ಪಿನಿಂದ ಹೊರಟುಹೋಗುವುದೂ ಕಾರ್ಬನ್ ಡೈಆಕ್ಸೈಡೇ. ಬಾಟಲಿಯೊಳಗೆ ಬಟಾಣಿ ಬಿಟ್ಟ ಉಸಿರನ್ನು ಹಿಡಿದು ಆ ಸುಣ್ಣ ಮತ್ತೆ ಚಿಪ್ಪು ಯಾವುದರಿಂದ ಆಗಿತ್ತೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು.

ಸುಣ್ಣ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಕಾಳು ಬೇಕಾಗಿಲ್ಲ. ಸುಣ್ಣದ ಬಟ್ಟೆ ಮಾತ್ರ ಇಟ್ಟ ಬಾಟಲಿಗೆ ಬಾಯಿಂದ ಉಸಿರು ತುಂಬಿ ಬಿರಡೆ ಹಾಕಿ. ನಾವು ಬಿಡುವ ಉಸಿರಲ್ಲಿ ಸುಮಾರು 4 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಸುಣ್ಣ ಚೆನ್ನಾಗಿದ್ದರೆ ಹನಿ ಒಳಗೆ ಓಡುತ್ತಲೇ ಇರುತ್ತದೆ. ಸಿರಿಂಜಿನಿಂದ ಎಷ್ಟೋ ಸಲ ಹಿಂದೆ ತರಬೇಕಾಗುತ್ತದೆ.

ಈಗ ಮೂರು ಬಾಟಲಿಗೆ ಹೆಸರು ಕೊಡುತ್ತೇನೆ. ಕಾಳು ಮತ್ತು ಸುಣ್ಣ ಇರುವುದು ಸುಣ್ಣದ ಬಾಟಲಿ. ಅಷ್ಟೇ ಕಾಳು, ಸುಣ್ಣದ ಬದಲು ಬರೀ ಒದ್ದೆ ಬಟ್ಟೆ ಇರುವುದು ಬರೀ ಬಾಟಲಿ. ಕಾಳಿನಷ್ಟೇ ಜಾಗ ಹಿಡಿಯುವ ತೊಳೆದ ಜಲ್ಲಿ ಕಲ್ಲು ಮತ್ತು ಸುಣ್ಣ ಇರುವುದು ಕಲ್ಲಿನ ಬಾಟಲಿ.

ಉಸಿರಾಡದ ಈ ಕಲ್ಲಿನ ಬಾಟಲಿ ಯಾಕೆ? ಕಾರಣ ಇಲ್ಲಿದೆ. 27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್. ಆ ತಾಪದಲ್ಲಿರುವ 300 ಮಿ.ಲೀ. ಗಾಳಿ ಒಂದೇ ಒಂದು ಡಿಗ್ರಿ ಬಿಸಿಯಾದರೆ 1 ಮಿ.ಲೀ. ಹಿಗ್ಗುತ್ತದೆ. ನಮ್ಮ ಟ್ಯೂಬಿನಲ್ಲಿ ಅದು 14 ಸೆಂ.ಮೀ.! ಬಾಟಲಿಯನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಹನಿ ಟ್ಯೂಬಿನಿಂದ ಹೊರಗೆ ಹಾರುತ್ತದೆ. ಹೊರಗಿನ ಗಾಳಿಯ ಒತ್ತಡ ಒಂದು ಮಿಲಿಬಾರ್ ಏರಿದರೆ ಹನಿ 4 ಸೆಂ.ಮೀ. ಒಳಗೆ ಹೋಗುತ್ತದೆ. ಇದೆಲ್ಲ ಉಸಿರಾಟ ಅಲ್ಲ. ಆದರೆ ನೋಡಲು ಉಸಿರಾಟದ ಹಾಗೇ ಇರುತ್ತದೆ. ಆದ್ದರಿಂದ ಕಲ್ಲಿನ ಬಾಟಲಿಯ ಹನಿ ಎಷ್ಟು ಸರಿಯಿತೋ ಅಷ್ಟನ್ನು ಉಳಿದೆರಡರಿಂದ ಕಳೆಯಬೇಕು. ಮೂರನ್ನೂ ಕುತ್ತಿಗೆವರೆಗೆ ನೀರಲ್ಲಿ ಮುಳುಗಿಸಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಅರ್ಧ ಗಂಟೆ ಬಿಟ್ಟ ಮೇಲೆಯೇ ಓದಲು ಶುರು ಮಾಡಬೇಕು. ನಮ್ಮ ಊರಿನ ಮಳೆಗಾಲ ಇದಕ್ಕೆ ಒಳ್ಳೆಯ ಸಮಯ. ಮೋಡ ಕವಿದ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ತಾಪ ಹೆಚ್ಚು ಬದಲಾಗುವುದಿಲ್ಲ. ಕಲ್ಲಿನ ಬಾಟಲಿ ಇಲ್ಲದೆ ಯಾರಾದರೂ ಈ ಪ್ರಯೋಗ ತೋರಿಸಿದರೆ ಅವರ ಅಂಕಿಯನ್ನು ನಾನು ನಂಬುವುದಿಲ್ಲ.

ಇನ್ನು ಓದಿದ್ದು. ಒಣ ಬಟಾಣಿ 10 ಗ್ರಾಂ ನೆನೆಸಿದರೆ ಸುಮಾರು ಎರಡು ಪಟ್ಟು ತೂಗುತ್ತದೆ. ಬೇರು ಒಂದು ಬೆರಳಿನ ಅಗಲ ಬಂದಿದ್ದ ಕಾಳುಗಳನ್ನು ಹಾಕಿದೆ. ಕಲ್ಲಿನ ಬಾಟಲಿಯದ್ದನ್ನು ಕಳೆದ ಮೇಲೆ 20 ನಿಮಿಷದಲ್ಲಿ ಸುಣ್ಣದ ಬಾಟಲಿಯ ಹನಿ 24 ಸೆಂ.ಮೀ. ಒಳಗೆ ಬಂತು. ಬರೀ ಬಾಟಲಿಯದ್ದು 1 ಸೆಂ.ಮೀ. ಮಾತ್ರ. ಅಂದರೆ 24 ಪಾಲು ಆಕ್ಸಿಜನ್ ಒಳಗೆ, ಎರಡರ ವ್ಯತ್ಯಾಸವಾದ 23 ಪಾಲು ಕಾರ್ಬನ್ ಡೈಆಕ್ಸೈಡ್ ಹೊರಗೆ. 23ನ್ನು 24ರಿಂದ ಭಾಗಿಸಿದರೆ 0.96. ಇದಕ್ಕೆ ಉಸಿರಾಟದ ಗುಣಾಂಕ ಎನ್ನುತ್ತಾರೆ. ಪಿಷ್ಟ, ಸಕ್ಕರೆ ಬಳಸುವ ವಾಯುವಿಕ ಉಸಿರಾಟಕ್ಕೆ ಅದು 1 ಇರಬೇಕು. ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಒದ್ದೆ ಬಟ್ಟೆಯಲ್ಲೂ ಕಾಳಿನ ನೀರಲ್ಲೂ ಕರಗುತ್ತದೆ, ಹಾಗಾಗಿ ಇಷ್ಟು ಹತ್ತಿರ ಬಂದದ್ದೇ ಸಂತೋಷ.

ಹನಿಯನ್ನು ಶಕ್ತಿಯ ಲೆಕ್ಕಕ್ಕೂ ತರಬಹುದು. ಒಂದು ಮೋಲ್ ಗ್ಲೂಕೋಸ್ ಅಂದರೆ 180 ಗ್ರಾಂ. ಅದು ಪೂರ್ತಿ ಒಡೆದರೆ ಸುಮಾರು 2870 ಕಿಲೋಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದಕ್ಕೆ ಬೇಕಾದ ಆಕ್ಸಿಜನ್ ಲೆಕ್ಕ ಹಾಕಿದರೆ ಪ್ರತಿ ಮಿ.ಲೀ.ಗೆ ಸುಮಾರು 20 ಜೌಲ್. ಹನಿ 1 ಸೆಂ.ಮೀ. ಸರಿದಾಗ 1.4 ಜೌಲ್ ಬಿಡುಗಡೆ ಆಯಿತು ಎಂದು ಅರ್ಥ. ನಮ್ಮ ಹಿಡಿ ಬಟಾಣಿ ಗಂಟೆಗೆ 100 ಜೌಲ್ ಬಿಡುತ್ತಿತ್ತು. ಇದರಲ್ಲಿ ಸುಮಾರು ಮೂರನೇ ಒಂದು ಪಾಲು ಎಟಿಪಿ ಎಂಬ, ಶಕ್ತಿ ಹೊರುವ ಅಣುವಿನ ರೂಪದಲ್ಲಿ ಜೀವಕೋಶದ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಬಿತ್ತನೆ ಭತ್ತವನ್ನು ನೆನೆಸಿ ಗೋಣಿಯಲ್ಲಿ ಕಟ್ಟಿ ಇಟ್ಟಾಗ ಒಳಗೆ ಕೈ ಹಾಕಿದವರಿಗೆ ಆ ಬಿಸಿ ಗೊತ್ತು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇನ್ನೂ ಮೊಳಕೆ ಒಡೆಯದ ಬಟಾಣಿ. ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ಬಿರಿಯುವ ಮೊದಲೇ ಬಾಟಲಿಗೆ ಹಾಕಿದರೆ ಸುಣ್ಣದ ಬಾಟಲಿಯ ಹನಿ 20 ನಿಮಿಷಕ್ಕೆ 6 ಸೆಂ.ಮೀ. ಒಳಗೆ ಬರುತ್ತದೆ. ಬರೀ ಬಾಟಲಿಯದ್ದು ಒಳಗೆ ಬರುವುದೇ ಇಲ್ಲ, 5 ಸೆಂ.ಮೀ. ಹೊರಗೆ ಹೋಗುತ್ತದೆ! ಆಕ್ಸಿಜನ್ 6 ಪಾಲು, ಕಾರ್ಬನ್ ಡೈಆಕ್ಸೈಡ್ 11 ಪಾಲು. ಗುಣಾಂಕ 1.8. ಬಟಾಣಿಯ ಸಿಪ್ಪೆ ಒದ್ದೆಯಾಗಿ ಬಿಗಿಯಾಗಿರುವಾಗ ಆಕ್ಸಿಜನ್ ಒಳಗೆ ಸಾಕಷ್ಟು ಹೋಗುವುದಿಲ್ಲ. ಆದರೆ ಒಳಗಿನ ಕೋಶಗಳು ಆಗಲೇ ಎದ್ದು ಕೆಲಸ ಶುರು ಮಾಡಿವೆ. ಅವಕ್ಕೆ ಶಕ್ತಿ ಬೇಕು. ಅದಕ್ಕಾಗಿ ಒಂದು ಪಾಲು ಸಕ್ಕರೆಯನ್ನು ಆಕ್ಸಿಜನ್ ಇಲ್ಲದೆಯೇ ಆಲ್ಕೋಹಾಲ್ ಮಾಡುತ್ತವೆ. ಒಂದೇ ಕಾಳು, ಒಂದೇ ಹೊತ್ತಿನಲ್ಲಿ, ಎರಡೂ ಬಗೆಯ ಉಸಿರಾಟ. ಸಿಪ್ಪೆ ಬಿರಿದು ಬೇರು ಹೊರಗೆ ಬಂದ ಮೇಲೆ ಗುಣಾಂಕ ಇಳಿದು 1ರ ಹತ್ತಿರ ಬರುತ್ತದೆ. ಪಾಠದಲ್ಲಿ ಎರಡನ್ನೂ ಎರಡು ಕಾಲಂ ಮಾಡಿ ಬರೆಸುತ್ತೇವೆ. ಒಂದು ಕಡೆ ಮನುಷ್ಯ, ಗಿಡ. ಇನ್ನೊಂದು ಕಡೆ ಯೀಸ್ಟ್. ಬಟಾಣಿ ಆ ಗೆರೆಯ ಎರಡೂ ಕಡೆ ಇದೆ. ಓಡುವಾಗ ನಮ್ಮ ಸ್ನಾಯುಗಳೂ ಹಾಗೇ.

ಆ 6 ಮತ್ತು 11ರಿಂದ ಇನ್ನೂ ಒಂದು ವಿಷಯ ಸಿಗುತ್ತದೆ, ಕಾಗದ ಪೆನ್ಸಿಲ್ ಹಿಡಿದು ಕೂತರೆ. 11ರಲ್ಲಿ 6 ಪಾಲು ವಾಯುವಿಕದ್ದು, ಉಳಿದ 5 ಪಾಲು ಅವಾಯುವಿಕದ್ದು. ವಾಯುವಿಕದಲ್ಲಿ 6 ಆಕ್ಸಿಜನ್‌ಗೆ 1 ಗ್ಲೂಕೋಸ್, ಅದರಿಂದ ಸುಮಾರು 30 ಎಟಿಪಿ. ಹಳೆಯ ಪುಸ್ತಕಗಳಲ್ಲಿ 36, 38 ಎಂದಿರುತ್ತದೆ. ಈಗಿನ ಲೆಕ್ಕ 30ರಿಂದ 32. ಅವಾಯುವಿಕದಲ್ಲಿ 1 ಗ್ಲೂಕೋಸಿಗೆ 2 ಕಾರ್ಬನ್ ಡೈಆಕ್ಸೈಡ್, 2 ಎಟಿಪಿ. ಹಾಗಾದರೆ 5 ಪಾಲು ಬರಲು ಎರಡೂವರೆ ಗ್ಲೂಕೋಸ್ ಖರ್ಚಾಯಿತು, ಸಿಕ್ಕಿದ್ದು 5 ಎಟಿಪಿ. ಒಂದು ಗ್ಲೂಕೋಸಿನಿಂದ 30, ಎರಡೂವರೆ ಗ್ಲೂಕೋಸಿನಿಂದ 5. ಉಳಿದ ಶಕ್ತಿಯಲ್ಲಿ ಹೆಚ್ಚಿನದು ಎಲ್ಲಿಗೂ ಹೋಗಿಲ್ಲ, ಆಲ್ಕೋಹಾಲಿನೊಳಗೇ ಇದೆ. ಅದಕ್ಕೇ ಆಲ್ಕೋಹಾಲ್ ಬೆಂಕಿಗೆ ಉರಿಯುತ್ತದೆ. ಸಿಪ್ಪೆ ಬೇಗ ಬಿರಿಯುವುದು ಕಾಳಿಗೆ ಎಷ್ಟು ದೊಡ್ಡ ಲಾಭ ಎಂದು ಈ ಲೆಕ್ಕ ನೋಡಿದರೆ ಸಾಕು.

ಶೇಂಗಾ ಹಾಕಿ ನೋಡಿ. ಸುಣ್ಣದ ಬಾಟಲಿಯಲ್ಲಿ 20, ಬರೀ ಬಾಟಲಿಯಲ್ಲೂ 6 ಸೆಂ.ಮೀ. ಒಳಗೆ. ಗುಣಾಂಕ 0.7. ಎಣ್ಣೆಯ ಅಣುವಿನಲ್ಲಿ ಆಕ್ಸಿಜನ್ ಕಡಿಮೆ, ಒಡೆಯಲು ಹೊರಗಿನಿಂದ ಜಾಸ್ತಿ ಬೇಕು. ಮೊಳಕೆಯ ಶೇಂಗಾ ಎಣ್ಣೆಯನ್ನು ಸಕ್ಕರೆ ಮಾಡಿಕೊಳ್ಳುವ ಹೊತ್ತಿನಲ್ಲಿ ಇನ್ನೂ ಕೆಳಗೆ ಹೋಗುತ್ತದೆ.

ಬೇಯಿಸಿದ ಬಟಾಣಿಯನ್ನೂ ಹಾಕಿ ನೋಡಬೇಕು. ಮೊದಲ ದಿನ ಅದು ಕಲ್ಲಿನ ಹಾಗೆ ಸುಮ್ನೆ ಇರುತ್ತದೆ. ಮರುದಿನ ಹನಿ ಸರಿಯಲು ಶುರು. ಬಟಾಣಿಗೆ ಜೀವ ಬಂದದ್ದಲ್ಲ. ನಮ್ಮ ತೇವದ ಹವೆಯಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಅವು ಉಸಿರಾಡುತ್ತಿವೆ.

ಅವಾಯುವಿಕಕ್ಕೆ ಯೀಸ್ಟ್ ಮತ್ತು ಬೆಲ್ಲ ಸಾಕು, ಶಾಲೆಯಲ್ಲಿ ಅದನ್ನೇ ಮಾಡುತ್ತೇನೆ. ಮನೆಯಲ್ಲಿ ಮಾತ್ರ ತೆಂಗಿನ ಕಳ್ಳು ತಂದು ನೋಡಿದೆ. ಕಳ್ಳು ಇಳಿಸುವ ಮೂರ್ತೆದಾರರು ಕೇಳಿದರು: "ಯಾವುದು ಬೇಕು ಮಾಷ್ಟ್ರೇ? ಸುಣ್ಣ ಬಳಿದ ಮಡಕೆಯದ್ದು ಸಿಹಿ ಉಳೀತದೆ." ಸುಣ್ಣ ಬಳಿಯದ್ದೇ ಬೇಕು ಎಂದೆ. ಮರದಿಂದ ಇಳಿಯುವ ರಸಕ್ಕೆ ಮಡಕೆಯಿಂದಲೂ ಗಾಳಿಯಿಂದಲೂ ಯೀಸ್ಟ್ ಸೇರುತ್ತದೆ. ಸುಣ್ಣದ ಕ್ಷಾರದಲ್ಲಿ ಅದು ಬೆಳೆಯುವುದಿಲ್ಲ. ಕೊಡುವಾಗ ಅವರು ಇನ್ನೊಂದು ಮಾತು ಹೇಳಿದರು: "ಬಿರಡೆ ಗಟ್ಟಿ ಹಾಕ್ಬೇಡಿ ಆಯ್ತಾ, ಒಡೆದು ಹೋಗ್ತದೆ." ಅದು ನಿಜವಾದ ಎಚ್ಚರಿಕೆ. ಒಂದು ಗ್ರಾಂ ಗ್ಲೂಕೋಸ್ ಹುಳಿತರೆ ನಮ್ಮ ತಾಪದಲ್ಲಿ ಸುಮಾರು 270 ಮಿ.ಲೀ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮುಚ್ಚಿದ ಗಾಜಿನ ಬಾಟಲಿಗೆ ಅದು ಅಪಾಯ. ಹಾಗಾಗಿ ಪ್ರತಿ ಬಾಟಲಿಗೆ 5 ಮಿ.ಲೀ. ಮಾತ್ರ ಹಾಕಿ, ಟ್ಯೂಬಿನ ತುದಿ ತೆರೆದೇ ಇಟ್ಟೆ. ಕಲ್ಲಿನ ಬಾಟಲಿಯಲ್ಲಿ ಕಳ್ಳಿನ ಬದಲು ಅಷ್ಟೇ ನೀರು.

ಬರೀ ಬಾಟಲಿಯ ಹನಿ ನಿಲ್ಲದೆ ಹೊರಗೆ ಓಡಿತು. ಸುಣ್ಣದ ಬಾಟಲಿಯ ಹನಿ ಒಳಗೆ ಬಂದದ್ದು ಬಹಳ ಸ್ವಲ್ಪ. ಕಾರ್ಬನ್ ಡೈಆಕ್ಸೈಡ್ ಧಾರಾಳ, ಆಕ್ಸಿಜನ್ ಖರ್ಚು ಹೆಸರಿಗೆ ಮಾತ್ರ. ತಿಳಿನೀರು ತೋರಿಸಲಾರದ ವ್ಯತ್ಯಾಸ ಇದೇ. ಇಲ್ಲಿ ಗಮನಿಸಬೇಕಾದ್ದು, ಬಾಟಲಿಯಲ್ಲಿ ಆಕ್ಸಿಜನ್ ಇತ್ತು. ಯೀಸ್ಟಿಗೆ ಗಾಳಿ ಸಿಕ್ಕಿತೆಂದರೆ ಹುದುಗುವುದನ್ನು ಬಿಟ್ಟು ವಾಯುವಿಕಕ್ಕೆ ಹೊರಳುತ್ತದೆ ಎಂದು ಓದಿರುತ್ತೇವೆ. ಫ್ರೆಂಚ್ ವಿಜ್ಞಾನಿ ಪಾಶ್ಚರ್ ಗಮನಿಸಿದ್ದು ಅದನ್ನು, ಅದು ಸುಳ್ಳಲ್ಲ. ಆದರೆ ಸಕ್ಕರೆ ಜಾಸ್ತಿ ಇದ್ದರೆ ಬ್ರೆಡ್ಡಿನ, ಕಳ್ಳಿನ ಯೀಸ್ಟ್ ಗಾಳಿ ಇದ್ದರೂ ಆಲ್ಕೋಹಾಲ್ ಮಾಡುತ್ತಲೇ ಇರುತ್ತದೆ. ಇದಕ್ಕೆ ಕ್ರ್ಯಾಬ್‌ಟ್ರೀ ಪರಿಣಾಮ ಎಂದು ಹೆಸರು.

ಅದೇ ಕಳ್ಳನ್ನು ಬಟ್ಟೆ ಮುಚ್ಚಿ ಕೆಲವು ದಿನ ಇಟ್ಟು, ಮೂಗಿಗೆ ವಿನೆಗರ್ ವಾಸನೆ ಹೊಡೆಯಲು ಶುರುವಾದಾಗ ಮತ್ತೆ ಹಾಕಿದೆ. ಈಗ ಎರಡು ಬಾಟಲಿಯ ಹನಿಗಳೂ ಒಳಗೆ ಬಂದವು, ಹೆಚ್ಚುಕಡಿಮೆ ಒಂದೇ ಸಮ. ಆಕ್ಸಿಜನ್ ಹೋಗುತ್ತಿದೆ, ಕಾರ್ಬನ್ ಡೈಆಕ್ಸೈಡ್ ಬರುತ್ತಿಲ್ಲ. ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾ ಆಲ್ಕೋಹಾಲಿಗೆ ಆಕ್ಸಿಜನ್ ಸೇರಿಸಿ ಆಮ್ಲ ಮತ್ತು ನೀರು ಮಾಡುತ್ತವೆ, ಅಲ್ಲಿಗೆ ನಿಲ್ಲಿಸುತ್ತವೆ. ಗುಣಾಂಕ ಸೊನ್ನೆಯ ಹತ್ತಿರ. ಯೀಸ್ಟ್ ಬಿಟ್ಟುಹೋದ ಶಕ್ತಿಯಲ್ಲಿ ಒಂದು ಪಾಲನ್ನು ಇವು ತೆಗೆದುಕೊಂಡವು. ಈ ಉಪಕರಣಕ್ಕೆ ಕಾಣದೇ ಇರುವುದು ಮೊಸರು. ಅಲ್ಲಿ ಸಕ್ಕರೆ ಲ್ಯಾಕ್ಟಿಕ್ ಆಮ್ಲ ಆಗುತ್ತದೆ, ಅನಿಲ ಹುಟ್ಟುವುದಿಲ್ಲ. ಇಡ್ಲಿ ಹಿಟ್ಟು ಮಾತ್ರ ಚೆನ್ನಾಗಿ ಕಾಣುತ್ತದೆ. ಅದನ್ನು ಉಬ್ಬಿಸುವ ಲ್ಯೂಕೋನಾಸ್ಟಾಕ್ ಬ್ಯಾಕ್ಟೀರಿಯಾ ಆಮ್ಲದ ಜೊತೆ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ.

ಕೊನೆಗೆ ಬಾಟಲಿಗಳನ್ನು ಬೇರೆ ಕೆಲಸಕ್ಕೆ ಬಳಸಿದೆ. ಕುದಿಸಿ ಆರಿಸಿದ ನೀರಲ್ಲಿ ಕರಗಿದ ಗಾಳಿ ಬಹಳ ಕಡಿಮೆ. ಅದನ್ನು ಎರಡು ಬಾಟಲಿಗೆ ಅಂಚಿನವರೆಗೆ ತುಂಬಿಸಿ, ಒಂದಕ್ಕೆ ನೆನೆಸಿದ ಬಟಾಣಿ, ಇನ್ನೊಂದಕ್ಕೆ ಭತ್ತ ಹಾಕಿದೆ. ಟ್ಯೂಬಿನ ತುದಿಯನ್ನು ನೀರಿನೊಳಗೆ ಇಟ್ಟೆ, ಅನಿಲ ಹೊರಗೆ ಹೋಗಬೇಕು, ಗಾಳಿ ಒಳಗೆ ಬರಬಾರದು. ಎರಡರಿಂದಲೂ ಗುಳ್ಳೆ ಬಂತು. ಬಟಾಣಿ ಮೊಳಕೆ ಒಡೆಯದೆ ಕೊಳೆಯಿತು. ಭತ್ತ ಮಾತ್ರ ಬಿಳಿ ಮೊಳಕೆಯನ್ನು ಉದ್ದಕ್ಕೆ ಮೇಲೆ ಕಳಿಸಿತು, ಬೇರು ಬಿಡಲಿಲ್ಲ. ಹುದುಗುವಿಕೆಯಿಂದ ಸಿಗುವ ಅಷ್ಟು ಕಡಿಮೆ ಎಟಿಪಿಯನ್ನು ಅದು ಒಂದೇ ಕೆಲಸಕ್ಕೆ, ನೀರಿನ ಮೇಲಕ್ಕೆ ಮುಟ್ಟುವುದಕ್ಕೆ, ಖರ್ಚು ಮಾಡುತ್ತದೆ. ಆ ಮೊಳಕೆ ಗಾಳಿಗೆ ಮುಟ್ಟಿದರೆ ಕೆಳಗಿನ ಭಾಗಕ್ಕೆ ಆಕ್ಸಿಜನ್ ಇಳಿಸುವ ಕೊಳವೆಯಾಗಿ ಕೆಲಸ ಮಾಡುತ್ತದೆ, ಆಮೇಲೆ ಬೇರು ಬೆಳೆಯುತ್ತದೆ. ನೆರೆ ನಿಂತ ಗದ್ದೆಯಲ್ಲೂ ಭತ್ತ ಮೊಳೆಯಬಲ್ಲದು ಎಂಬುದರ ಹಿಂದೆ ಈ ಕಾರಣ ಇದೆ.

ಕಟ್ಟುವವರಿಗೆ ಎರಡು ಮಾತು. ಸುಣ್ಣದ ಬಟ್ಟೆಯನ್ನು ಪ್ರತಿ ಸಲ ಹೊಸದಾಗಿ ಸವರಿ, ಮಕ್ಕಳ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಕಾಳು ಉಸಿರಾಡುವ ವೇಗ ಕಡಿಮೆ ಇದ್ದರೆ, ಉದಾಹರಣೆಗೆ ಒಣ ಬಟಾಣಿ ಇಟ್ಟು ನೋಡುವುದಾದರೆ, ಡ್ರಿಪ್ ಟ್ಯೂಬಿನ ಬದಲು ಇನ್ನೂ ಸಪೂರ ಟ್ಯೂಬು ಹಾಕಿ. ಒಳಗಿನ ಅಗಲ ಅರ್ಧ ಆದರೆ ಹನಿ ನಾಲ್ಕು ಪಟ್ಟು ದೂರ ಸರಿಯುತ್ತದೆ. ಆದರೆ ತಾಪದ ತೊಂದರೆಯೂ ನಾಲ್ಕು ಪಟ್ಟಾಗಿ ಕಾಣುತ್ತದೆ, ಪೆಟ್ಟಿಗೆಗೆ ಮುಚ್ಚಳವನ್ನೂ ಹಾಕಬೇಕಾಗುತ್ತದೆ.